ಗದ್ದೆಯ ಬಸಿನೀರು ಎಲ್ಲಿಗೆ ಹೋಗಬೇಕು? ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಕಾನೂನಿನ ದಾರಿ, ಹಂತ ಹಂತವಾಗಿ

ಸಿಂಧನೂರು, ಕಾರಟಗಿ, ಗಂಗಾವತಿ, ಸಿರುಗುಪ್ಪ ಕಡೆ ಕಾಲುವೆಗೆ ನೀರು ಬರಲಿಲ್ಲ ಅಂದರೆ ರಸ್ತೆ ತಡೆ ಆಗುತ್ತದೆ, ಪೇಪರಿನಲ್ಲಿ ಸುದ್ದಿ ಬರುತ್ತದೆ. ಮೇಲಿನ ಗದ್ದೆಯ ನೀರು ಕೆಳಗಿನವನ ಹೊಲಕ್ಕೆ ಬಂದು ನಿಂತರೆ ಆ ಸುದ್ದಿ ಬದು ದಾಟುವುದಿಲ್ಲ. ಅಲ್ಲೇ ಜಗಳ, ಅಲ್ಲೇ ಮನಸ್ತಾಪ. ನಾಲ್ಕೈದು ವರ್ಷ ಹೀಗೆ ನೀರು ನಿಂತರೆ ಆ ಹೊಲ ಸವಳು-ಜವಳಾಗಿ, ಅಂದರೆ ಉಪ್ಪೇರಿ ಜೌಗಾಗಿ, ಕೈಬಿಟ್ಟು ಹೋಗುತ್ತದೆ. ಅದಕ್ಕೇ ಈ ಬರಹ.

ನನ್ನ ಮಾತು ಒಂದೇ. ಬಸಿಗಾಲುವೆ, ಅಂದರೆ ಹೊಲದ ಹೆಚ್ಚಿನ ನೀರು ಹೊರಹಾಕುವ ಕಾಲುವೆ, ತೋಡುವ ಮೊದಲು ಅದರ ನೀರು ಹೊರಬೀಳುವ ಬಾಯಿ ಎಲ್ಲಿ ಅಂತ ಕಾಗದದ ಮೇಲೆ ಗಟ್ಟಿ ಮಾಡಿಕೊಳ್ಳಿ. ಹೊಲದೊಳಗಿನ ಕೆಲಸ ಜೆಸಿಬಿಯವನಿಗೆ ಅರ್ಧ ದಿನದ್ದು. ಹೊಲದ ಬದುವಿನಿಂದ ಹಳ್ಳ ಮುಟ್ಟುವವರೆಗಿನ ನೂರಿನ್ನೂರು ಅಡಿ ಇದೆಯಲ್ಲ, ಕಾನೂನೆಲ್ಲ ಇರುವುದು ಅಲ್ಲಿ.

ಈ ಸಮಸ್ಯೆ ಯಾಕೆ ಬಂತು ಅಂತ ಮೊದಲು ತಿಳಿದರೆ ಒಳ್ಳೆಯದು. 1953ರಲ್ಲಿ ನೀರು ಬಿಡಲು ಶುರುವಾದ ತುಂಗಭದ್ರಾ ಯೋಜನೆಯ ಎಡದಂಡೆಯಲ್ಲಿ ಹೆಚ್ಚಿನ ಭೂಮಿಯನ್ನು ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆಗೆ ಅಂತ ಗೊತ್ತು ಮಾಡಿದ್ದರು. ಭತ್ತಕ್ಕೆ ಇಟ್ಟಿದ್ದು ಸ್ವಲ್ಪವೇ. ಆಮೇಲೆ ಭತ್ತ ಎಲ್ಲ ಕಡೆ ಹಬ್ಬಿತು. ಎರೆ ಭೂಮಿಯಲ್ಲಿ ನೀರು ಬೇಗ ಇಳಿಯುವುದಿಲ್ಲ. ಇಳಿದದ್ದು ಕೆಳಗೆ ಸೇರಿ, ಅಂತರ್ಜಲದ ಮಟ್ಟ ಏರಿ, ಉಪ್ಪನ್ನು ಮೇಲೆ ತಂದಿತು. ಯೋಜನೆಯ ಅಚ್ಚುಕಟ್ಟಿನಲ್ಲಿ ಹೀಗೆ ಕೆಟ್ಟ ಭೂಮಿ ಸುಮಾರು 96 ಸಾವಿರ ಹೆಕ್ಟೇರ್ ಅಂತ ಕೃಷಿ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅಂದರೆ ನಮ್ಮಲ್ಲಿ ಬಸಿನೀರೂ ಅಂತರ್ಜಲವೂ ಬೇರೆ ಬೇರೆ ವಿಷಯ ಅಲ್ಲ.

ಹಂತ 1: ಗುಂಡಿ ತೋಡಿ ನೋಡಿ

ಬೇಸಿಗೆಯಲ್ಲಿ, ಕಾಲುವೆ ಬಂದ್ ಆದ ಮೇಲೆ, ಹೊಲದ ಅತಿ ತಗ್ಗಿನ ಜಾಗದಲ್ಲಿ ಐದಾರು ಅಡಿ ಆಳದ ಗುಂಡಿ ತೆಗೆಸಿ. ಒಂದು ರಾತ್ರಿ ಬಿಡಿ. ಬೆಳಿಗ್ಗೆ ನೀರು ಎಷ್ಟು ಕೆಳಗೆ ನಿಂತಿದೆ ಅಂತ ಅಳೆದು ಬರೆದಿಡಿ. ಮೂರು ನಾಲ್ಕು ಅಡಿಯೊಳಗೇ ನೀರಿದ್ದರೆ ಬೇರಿಗೆ ಉಸಿರಾಟ ಕಷ್ಟ. ಮಣ್ಣಿನ ಮೇಲೆ ಬಿಳಿ ಹುಡಿ ಕಂಡರೆ ಸವಳು. ಕಪ್ಪಗೆ ಎಣ್ಣೆ ಸವರಿದಂತೆ ಕಂಡು, ಒಣಗಿದಾಗ ಕಲ್ಲಿನಂತೆ ಗಟ್ಟಿಯಾದರೆ ಅದು ಚೌಳಿನ ಲಕ್ಷಣ. ಎರಡಕ್ಕೂ ಮದ್ದು ಬೇರೆ. ಹಾಗಾಗಿ ಮಣ್ಣು ಪರೀಕ್ಷೆ ತಪ್ಪಿಸಬೇಡಿ. ವಿದ್ಯುತ್ ವಾಹಕತೆ, ಅಂದರೆ ಇ.ಸಿ., 4 ದಾಟಿದರೆ ಸವಳು. ಪಿ.ಎಚ್. 8.5 ದಾಟಿ, ವಿನಿಮಯ ಸೋಡಿಯಂ ಶೇ. 15 ದಾಟಿದರೆ ಚೌಳು. ಚೌಳಿಗೆ ಬಸಿಗಾಲುವೆಯ ಜೊತೆ ಜಿಪ್ಸಂ ಕೂಡ ಬೇಕಾಗುತ್ತದೆ.

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದೇ ಸವಳು-ಜವಳಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೈಕೆಳಗಿನ ಕೇಂದ್ರ ಅದು. ಬಳ್ಳಾರಿ ಕಡೆಯವರಿಗೆ ಹಗರಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ಪರೀಕ್ಷೆಯ ಕಾಗದ ಜೋಪಾನ ಮಾಡಿ. ಮುಂದೆ ಅರ್ಜಿಗೂ ಬೇಕು, ಕೋರ್ಟಿಗೂ ಬೇಕು.

ಹಂತ 2: ನಕಾಶೆ ಇಲ್ಲದೆ ಗುದ್ದಲಿ ಹಾಕಬೇಡಿ

ಬೇಕಾದ ಕಾಗದ ಇಷ್ಟು: ನಿಮ್ಮ ಪಹಣಿ, ನೀರು ಹೋಗುವ ದಾರಿಯಲ್ಲಿರುವ ಪ್ರತಿ ಸರ್ವೆ ನಂಬರಿನ ಪಹಣಿ, ಗ್ರಾಮ ನಕಾಶೆ, ಸರ್ವೆ ಟಿಪ್ಪಣಿ.

ಗ್ರಾಮ ನಕಾಶೆ ಬಿಚ್ಚಿ ಹಳ್ಳ, ನಾಲಾದ ಗೆರೆ ಹುಡುಕಿ. ಇವತ್ತು ಆ ಜಾಗದಲ್ಲಿ ಗದ್ದೆ ಇದ್ದರೂ ನಕಾಶೆಯಲ್ಲಿ ಹಳ್ಳ ಇದ್ದರೆ ಅದು ಹಳ್ಳವೇ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಸೆಕ್ಷನ್ ಪ್ರಕಾರ ಇನ್ನೊಬ್ಬರ ಸ್ವತ್ತಲ್ಲದ ಹಳ್ಳ, ನಾಲಾ, ಕೆರೆ, ಅವುಗಳ ತಳ ಎಲ್ಲವೂ ಸರ್ಕಾರದವು. ಹಾಗೇ ಪಹಣಿಯಲ್ಲಿ ವಿಸ್ತೀರ್ಣದ ಜೊತೆ ಬರೆದಿರುವ ಖರಾಬು ನೋಡಿ. 'ಅ' ಖರಾಬು ಅಂದರೆ ಬೇಸಾಯಕ್ಕೆ ಬಾರದ ಜಾಗ. 'ಬ' ಖರಾಬು ಅಂದರೆ ದಾರಿ, ಹಳ್ಳ, ನಾಲಾ ಅಂತ ಸಾರ್ವಜನಿಕರಿಗೆ ಬಿಟ್ಟ ಜಾಗ. ನಿಮ್ಮ ಸರ್ವೆ ನಂಬರಿನೊಳಗೇ ಇದ್ದರೂ 'ಬ' ಖರಾಬು ನಿಮ್ಮದಲ್ಲ. ಅದನ್ನು ಮುಚ್ಚಿ ನಾಟಿ ಮಾಡಿದರೆ ಅದೇ ಕಾಯ್ದೆಯ 104ನೇ ಸೆಕ್ಷನ್ ಅಡಿ ಒತ್ತುವರಿ ತೆರವು ಮಾಡಿಸಬಹುದು. 192-ಎ ಅಡಿ ಕ್ರಿಮಿನಲ್ ಕೇಸೂ ಆಗಬಹುದು.

ಎಷ್ಟೋ ಕಡೆ ಬಸಿನೀರಿಗೆ ಹೊಸ ದಾರಿ ಬೇಕೇ ಇಲ್ಲ. ಹಳೆಯ ಹಳ್ಳವನ್ನು ಎರಡೂ ಕಡೆಯವರು ಪ್ರತಿ ವರ್ಷ ಒಂದೊಂದು ಸಾಲು ಒಳಗೆ ಸರಿದು ಕಿರಿದು ಮಾಡಿರುತ್ತಾರೆ. ಅದು ಬಿಡಿಸಿದರೆ ಸಾಕು. ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯರ್ ಬಂದು ಗಡಿ ತೋರಿಸಲಿ. ಅಳತೆಯ ದಿನ ಅಕ್ಕಪಕ್ಕದವರಿಗೆ ನೋಟಿಸ್ ಮುಟ್ಟಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಆ ಅಳತೆ ಆಮೇಲೆ ನಿಲ್ಲುವುದು ಕಷ್ಟ.

ಹಂತ 3: ಯಾವ ನೀರು? ಮಳೆಯದಾ, ಕಾಲುವೆಯದಾ?

ಇದು ಇಡೀ ವಿಷಯದ ಗಂಟು. ಸಮಾಧಾನವಾಗಿ ಓದಿ.

"ನೀರು ತಗ್ಗಿಗೆ ಹರಿಯುತ್ತದೆ, ಕೆಳಗಿನವನು ತಗೋಬೇಕು" ಅಂತ ಮೇಲಿನ ಹೊಲದವರು ಹೇಳುತ್ತಾರೆ. ಅರ್ಧ ಸತ್ಯ. 1882ರ ಈಸ್ಮೆಂಟ್ ಕಾಯ್ದೆಯ (ಒಬ್ಬರ ಜಮೀನಿನ ಅನುಕೂಲಕ್ಕೆ ಇನ್ನೊಬ್ಬರ ಜಮೀನಿನ ಮೇಲಿರುವ ಹಕ್ಕಿನ ಕಾನೂನು) 7ನೇ ಸೆಕ್ಷನ್ ಹೇಳುವುದು ಸಹಜವಾಗಿ ಬಿದ್ದ ಅಥವಾ ಉಕ್ಕಿದ ನೀರಿನ ಬಗ್ಗೆ. ಮೇಲಿನ ಹೊಲದಲ್ಲಿ ಬಿದ್ದ ಮಳೆ, ಗೊತ್ತಾದ ಕಾಲುವೆ ಇಲ್ಲದೆ ತನ್ನಷ್ಟಕ್ಕೆ ಹರಿದು ಬಂದರೆ ಕೆಳಗಿನವನು ಅದನ್ನು ತಡೆಯುವಂತಿಲ್ಲ. ಒಡ್ಡು ಹಾಕಿ ಮೇಲಿನವನ ಹೊಲ ಮುಳುಗಿಸಿದರೆ ತಪ್ಪು.

ಆದರೆ ತೂಬಿನಿಂದ ಗದ್ದೆಗೆ ನೀರು ಬಿಟ್ಟುಕೊಂಡು, ಮಡಿಯಿಂದ ಮಡಿಗೆ ಹಾಯಿಸಿ, ಕೊನೆಗೆ ಬದು ಕಡಿದು ಪಕ್ಕದವನ ತೊಗರಿಗೆ ನೂಕಿದರೆ ಅದು ಸಹಜ ನೀರಲ್ಲ. ಮಳೆನೀರೇ ಆದರೂ, ಹೊಲ ಪೂರ್ತಿ ಹರಡಿ ಹೋಗುತ್ತಿದ್ದುದನ್ನು ಒಂದೇ ಕಾಲುವೆಗೆ ಕೂಡಿಸಿ ರಭಸವಾಗಿ ಒಂದೇ ಕಡೆ ಬಿಟ್ಟರೆ ಅದಕ್ಕೂ ಈ ರಕ್ಷಣೆ ಸಿಗುವುದಿಲ್ಲ. ಅಂಥ ನೀರಿಗೆ ದಾರಿ ಬೇಕಾದರೆ ಪಕ್ಕದವರ ಒಪ್ಪಿಗೆ ಬೇಕು, ಅಥವಾ ಹಳೆಯ ರೂಢಿಯ ಹಕ್ಕು ಇರಬೇಕು.

ಹಳೆಯ ರೂಢಿಯ ಹಕ್ಕು ಅಂದರೆ 20 ವರ್ಷ. ತಡೆಯಿಲ್ಲದೆ, ಬಹಿರಂಗವಾಗಿ, ಇದು ನನ್ನ ಹಕ್ಕು ಅಂತಲೇ ಒಂದೇ ದಾರಿಯಲ್ಲಿ ನೀರು ಬಿಟ್ಟಿರಬೇಕು. ಈಸ್ಮೆಂಟ್ ಕಾಯ್ದೆಯ 15ನೇ ಸೆಕ್ಷನ್ನೂ ಇದನ್ನೇ ಹೇಳುತ್ತದೆ, ದಾವೆಯ ಕಾಲಮಿತಿ ಹೇಳುವ ಲಿಮಿಟೇಶನ್ ಕಾಯ್ದೆಯ 25ನೇ ಸೆಕ್ಷನ್ನೂ ಇದನ್ನೇ ಹೇಳುತ್ತದೆ. ಸರ್ಕಾರಿ ಜಮೀನಾದರೆ 30 ವರ್ಷ. ಇದರಲ್ಲಿ ಜನ ಮರೆಯುವ ಒಂದು ಅಂಶ ಇದೆ. ಆ 20 ವರ್ಷ, ದಾವೆ ಹಾಕುವ ದಿನಕ್ಕೆ ಹಿಂದಿನ 2 ವರ್ಷದೊಳಗೆ ಮುಗಿದಿರಬೇಕು. ಪಕ್ಕದವನು ಹಳೆಯ ಬಸಿಗಾಲುವೆ ಮುಚ್ಚಿದಾಗ "ನೋಡೋಣ ಬಿಡು, ಊರಿನ ಹಿರಿಯರು ಹೇಳ್ತಾರೆ" ಅಂತ ಸುಮ್ನೆ ಮೂರು ನಾಲ್ಕು ವರ್ಷ ಕೂತರೆ ಹಕ್ಕು ಕೈತಪ್ಪುತ್ತದೆ. ಹಿರಿಯರ ಪಂಚಾಯಿತಿ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ತಾರೀಖು ನೆನಪಿಟ್ಟುಕೊಳ್ಳಿ.

ಇನ್ನೊಂದು ವಿಷಯ. "ಅಣ್ಣಾ, ಈ ವರ್ಷ ನಿನ್ನ ಹೊಲದಾಗಿಂದ ನೀರು ಬಿಡ್ತೀನಿ" ಅಂತ ಕೇಳಿ, ಅವರು "ಬಿಡಪ್ಪ" ಅಂದರೆ ಅದು ಬರೀ ಪರವಾನಗಿ. ಹಕ್ಕಲ್ಲ. ಸಾಮಾನ್ಯವಾಗಿ ಅವರು ಬೇಕಾದಾಗ ವಾಪಸ್ ತಗೋಬಹುದು. ಆ ಮಾತು ನಂಬಿ ನೀವು ದುಡ್ಡು ಹಾಕಿ ಕಾಯಂ ಕಾಮಗಾರಿ ಮಾಡಿದ್ದರೆ ಮಾತ್ರ ಈಸ್ಮೆಂಟ್ ಕಾಯ್ದೆಯ 60ನೇ ಸೆಕ್ಷನ್ ನಿಮ್ಮ ಕಡೆ ನಿಲ್ಲುತ್ತದೆ. ಆದರೆ ಅದನ್ನು ಸಾಬೀತು ಮಾಡುವಷ್ಟರಲ್ಲಿ ಎರಡು ಬೆಳೆ ಹೋಗಿರುತ್ತದೆ. ಅದಕ್ಕೇ ಬರವಣಿಗೆ ಬೇಕು.

ಹಂತ 4: ಪಕ್ಕದವರ ಜೊತೆ ಕರಾರು

ಬರವಣಿಗೆ ಕೇಳಿದರೆ ನಂಬಿಕೆ ಇಲ್ಲ ಅಂತ ಬೇಜಾರಾಗುತ್ತಾರೆ ಅನ್ನುವ ಹಿಂಜರಿಕೆ ನಮ್ಮ ಕಡೆ ಜಾಸ್ತಿ. ನನಗನಿಸುವುದು ಅದಕ್ಕೆ ಉಲ್ಟಾ. ಕರಾರು ಇದ್ದ ಕಡೆ ಮಾತುಕತೆ ಉಳಿಯುತ್ತದೆ. ಹೊಲದಲ್ಲಿ ಬೆಳೆ ಇಲ್ಲದ ಏಪ್ರಿಲ್, ಮೇ ತಿಂಗಳಲ್ಲಿ ಕೂತು ಮಾತಾಡಿ. ಇಷ್ಟು ಬರೆದರೆ ಸಾಕು:

"ಸರ್ವೆ ನಂಬರ್ ____ರ ಮಾಲೀಕನಾದ ನಾನು, ನನ್ನ ಜಮೀನಿನ ಪೂರ್ವದ ಬದುವಿಗೆ ಹೊಂದಿ, ಉತ್ತರದಿಂದ ದಕ್ಷಿಣಕ್ಕೆ, 4 ಅಡಿ ಅಗಲ, 4 ಅಡಿ ಆಳದ ಬಸಿಗಾಲುವೆ ತೆಗೆಯಲು ಸರ್ವೆ ನಂಬರ್ ____ರ ಮಾಲೀಕರಿಗೆ ಒಪ್ಪಿಗೆ ಕೊಟ್ಟಿದ್ದೇನೆ. ಸದರಿ ಕಾಲುವೆ ____ ಹಳ್ಳಕ್ಕೆ ಸೇರುತ್ತದೆ. ಪ್ರತಿ ಬೇಸಿಗೆ ಹೂಳು ತೆಗೆಯುವ ಖರ್ಚು ಅವರದು. ದಡ ಒಡೆದು ನನ್ನ ಬೆಳೆ ಹಾಳಾದರೆ ಪರಿಹಾರ ಅವರು ಕೊಡತಕ್ಕದ್ದು. ಈ ಒಪ್ಪಂದ ಎರಡೂ ಜಮೀನಿನ ವಾರಸುದಾರರಿಗೂ ಮುಂದಿನ ಖರೀದಿದಾರರಿಗೂ ಅನ್ವಯಿಸುತ್ತದೆ. ನಕ್ಷೆ ಲಗತ್ತಿಸಿದೆ."

ಅಗಲ, ಆಳ ನಿಮ್ಮ ಹೊಲಕ್ಕೆ ತಕ್ಕಂತೆ ಬದಲಿಸಿ. ಸಹಿ ಯಾರದು ಅನ್ನುವುದು ಮುಖ್ಯ. ಲೀಸಿಗೆ ಮಾಡಿದವರ ಸಹಿ ಸಾಲದು, ಮಾಲೀಕರದೇ ಬೇಕು. ಪಹಣಿ ಜಂಟಿಯಾಗಿದ್ದರೆ ಅದರಲ್ಲಿರುವ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರದೂ ಬೇಕು. ಕಾಯಂ ಹಕ್ಕು ಅಂತಾದರೆ ಬರೀ ನೋಟರಿ ಮಾಡಿಸಿ ಮನೆಗೆ ಬರಬೇಡಿ. ಸ್ಥಿರಾಸ್ತಿಯ ಮೇಲಿನ ಹಕ್ಕು ಅದು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿ.

ಹಂತ 5: ಇಲಾಖೆಯ ಒಪ್ಪಿಗೆ

ಸರ್ಕಾರಿ ಬಸಿನಾಲೆಗೆ ಅಥವಾ ಹಳ್ಳಕ್ಕೆ ಹೊಸ ಬಾಯಿ ಕೂಡಿಸುವ ಮುಂಚೆ ನೀರಾವರಿ ಇಲಾಖೆಗೆ ಅರ್ಜಿ ಕೊಡಿ. ತುಂಗಭದ್ರಾ ಎಡದಂಡೆಯಾದರೆ ಕರ್ನಾಟಕ ನೀರಾವರಿ ನಿಗಮದ ಉಪವಿಭಾಗ ಕಚೇರಿ. ದೇವದುರ್ಗ, ಲಿಂಗಸುಗೂರು ಕಡೆ ನಾರಾಯಣಪುರ ಬಲದಂಡೆಯಾದರೆ ಕೃಷ್ಣಾ ಭಾಗ್ಯ ಜಲ ನಿಗಮ. ಗ್ಯಾಂಗ್‌ಮನ್ ಹತ್ತಿರ "ಹೇಳಿದೀನಿ" ಅಂದರೆ ಅನುಮತಿ ಆಗುವುದಿಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.

ಕರ್ನಾಟಕ ನೀರಾವರಿ ಕಾಯ್ದೆ 1965ರ ಪ್ರಕಾರ ಕಾಲುವೆ, ಬಸಿನಾಲೆ ಮುಂತಾದ ಕಾಮಗಾರಿಗೆ ಧಕ್ಕೆ ಮಾಡುವುದು, ಅಡ್ಡಗಟ್ಟುವುದು, ನೀರು ಕೆಡಿಸುವುದು ಅಪರಾಧ. 2024ರ ತಿದ್ದುಪಡಿಯಿಂದ ಕಾಲುವೆಯಿಂದ ಅಕ್ರಮವಾಗಿ ನೀರೆತ್ತುವುದಕ್ಕೆ ಶಿಕ್ಷೆ ಇನ್ನೂ ಬಿಗಿಯಾಗಿದೆ. ಇದರಿಂದ ಕಲಿಯಬೇಕಾದ್ದು ಇಷ್ಟೆ: ಬಸಿನಾಲೆಗೆ ಅಡ್ಡ ಮಣ್ಣು ಹಾಕಿ ಮೋಟಾರ್ ಇಟ್ಟು ನೀರೆತ್ತುವುದು ನಮ್ಮಲ್ಲಿ ಮಾಮೂಲಿ. ಆ ಅಡ್ಡಗಟ್ಟೆಯಿಂದ ಮೇಲಿನ ಹತ್ತಾರು ಎಕರೆ ಜವಳಾಗುತ್ತದೆ. ಬಸಿನೀರು ಮರುಬಳಕೆ ಒಳ್ಳೆಯದೇ. ಆದರೆ ಹರಿವು ನಿಲ್ಲಿಸದೆ, ಅನುಮತಿ ಪಡೆದು, ನೀರಿನ ಉಪ್ಪು ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ ಬಳಸಿ.

ನಡುವೆ ರಸ್ತೆ ಇದ್ದರೆ ಅದು ಪಂಚಾಯಿತಿಯದಾ, ಲೋಕೋಪಯೋಗಿ ಇಲಾಖೆಯದಾ ಅಂತ ತಿಳಿದು ಅವರಿಂದ ಪೈಪ್ ದಾಟಿಸಲು ಒಪ್ಪಿಗೆ ಪಡೆಯಿರಿ.

ಒಬ್ಬೊಬ್ಬರೇ ಓಡಾಡುವುದಕ್ಕಿಂತ ನೀರು ಬಳಕೆದಾರರ ಸಹಕಾರ ಸಂಘದ ಮೂಲಕ ಹೋದರೆ ಕೆಲಸ ಬೇಗ ಆಗುತ್ತದೆ. ಸವಳು-ಜವಳು ಸುಧಾರಣೆ ಮುನಿರಾಬಾದಿನ ತುಂಗಭದ್ರಾ ಕಾಡಾ, ಅಂದರೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ, ಕೆಲಸಗಳಲ್ಲೊಂದು. ಒಂದೇ ಹಳ್ಳಕ್ಕೆ ನೀರು ಬಿಡುವ ಇಪ್ಪತ್ತು ಮೂವತ್ತು ರೈತರು ಸೇರಿ, ಮಣ್ಣು ಪರೀಕ್ಷೆಯ ವರದಿ ಇಟ್ಟು ಅರ್ಜಿ ಕೊಟ್ಟರೆ ಅದರ ತೂಕವೇ ಬೇರೆ. ಹಳ್ಳದ ಹೂಳೆತ್ತುವ ಕೆಲಸವನ್ನು ಗ್ರಾಮ ಸಭೆಯಲ್ಲಿ ಎತ್ತಿ ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿಸಿ.

ಹಂತ 6: ಕೆಲಸ ಮಾಡುವಾಗ

ತೆರೆದ ಕಾಲುವೆಯಾದರೆ ಕೆಳಗಿನಿಂದ ಮೇಲಕ್ಕೆ ತೋಡುತ್ತಾ ಬನ್ನಿ. ಬಾಯಿ ಮೊದಲು ತಯಾರಾದರೆ ನಡುವೆ ಮಳೆ ಬಂದರೂ ನೀರು ಹೋಗುತ್ತದೆ. ತೆಗೆದ ಮಣ್ಣನ್ನು ಪಕ್ಕದವರ ಕಡೆ ಹಾಕಬೇಡಿ. ಎರೆ ಮಣ್ಣಿನ ದಡ ನೆಟ್ಟಗೆ ನಿಲ್ಲುವುದಿಲ್ಲ, ಇಳಿಜಾರು ಬಿಡಿ.

ನೆಲದೊಳಗೆ ಪೈಪ್ ಹಾಕುವುದಾದರೆ ಫಿಲ್ಟರ್ ಬಟ್ಟೆ ಸುತ್ತಿದ, ತೂತುಗಳಿರುವ ಸುಕ್ಕು ಪೈಪನ್ನು ಮೂರೂವರೆ ನಾಲ್ಕು ಅಡಿ ಆಳದಲ್ಲಿ ಹೂಳುತ್ತಾರೆ. ಪೈಪಿನಿಂದ ಪೈಪಿಗೆ ಎಷ್ಟು ಅಂತರ ಅನ್ನುವುದು ಮಣ್ಣಿನ ಮೇಲೆ ನಿಂತಿದೆ. ಅಂಗಡಿಯವರ ಮಾತಿನ ಮೇಲೆ ಹಾಕಿಸಬೇಡಿ, ಗಂಗಾವತಿ ಕೇಂದ್ರದವರನ್ನು ಕೇಳಿ. ಪೈಪಿನ ಬಾಯಿಗೆ ಮುಚ್ಚಳ ಅಥವಾ ವಾಲ್ವ್ ಇರಲೇಬೇಕು. ಯೂರಿಯಾ ಹಾಕಿದ ಮೇಲೆ ಐದಾರು ದಿನ ಮುಚ್ಚಿಟ್ಟರೆ ಗೊಬ್ಬರ ನಿಮ್ಮ ಭತ್ತಕ್ಕೇ ಸಿಗುತ್ತದೆ, ಹಳ್ಳಕ್ಕೂ ಬಾವಿಗೂ ಹೋಗುವುದು ಕಡಿಮೆ. ಕೀಟನಾಶಕ, ಕಳೆನಾಶಕ ಹೊಡೆದ ಮೇಲೂ ಹೀಗೇ ಮಾಡಿ.

ಹಂತ 7: ಅಂತರ್ಜಲಕ್ಕೆ ವಿಷ ಇಳಿಸಬೇಡಿ

ಬಸಿನೀರಿಗೆ ದಾರಿ ಸಿಗದಿದ್ದಾಗ ಕೆಲವರು ಮಾಡುವ ಕೆಲಸ ಒಂದಿದೆ. ಹೊಲದ ಮೂಲೆಯಲ್ಲಿ ಫೇಲಾದ ಬೋರ್ ಇರುತ್ತದೆ. ಅದಕ್ಕೆ ಕಾಲುವೆ ತಿರುಗಿಸುತ್ತಾರೆ. ಇಂಗಿಸುತ್ತಿದ್ದೇನೆ ಅಂತಲೂ ಹೇಳುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ಮಣ್ಣಿನಲ್ಲಿ ಸೋಸಿ ಇಳಿಯಬೇಕಾದ ನೀರು ನೇರವಾಗಿ, ಯೂರಿಯಾ, ಔಷಧಿ, ಉಪ್ಪಿನ ಸಮೇತ, ಊರು ಕುಡಿಯುವ ನೀರಿನ ಪದರಕ್ಕೆ ಹೋಗುತ್ತದೆ. ಒಮ್ಮೆ ಕೆಟ್ಟರೆ ಸರಿಮಾಡುವ ದಾರಿ ರೈತನ ಕೈಯಲ್ಲೂ ಇಲ್ಲ, ಇಲಾಖೆಯ ಕೈಯಲ್ಲೂ ಇಲ್ಲ. ಕಾನೂನೂ ಇದನ್ನು ಒಪ್ಪುವುದಿಲ್ಲ. 1974ರ ಜಲಮಾಲಿನ್ಯ ಕಾಯ್ದೆಯ 24ನೇ ಸೆಕ್ಷನ್ ಹೊಳೆಗೂ ಬಾವಿಗೂ ಮಲಿನ ಪದಾರ್ಥ ಬಿಡುವುದನ್ನು ನಿಷೇಧಿಸುತ್ತದೆ. ಆ ಕಾಯ್ದೆಯಲ್ಲಿ ನೆಲದೊಳಗಿನ ನೀರೂ ಸೇರಿದೆ. ಮಳೆನೀರು ಇಂಗಿಸಬೇಕಾದರೆ ಚಾವಣಿಯ ಶುದ್ಧ ನೀರನ್ನು ಜಲ್ಲಿ, ಮರಳಿನ ಗುಂಡಿಯ ಮೂಲಕ ಇಂಗಿಸಿ.

ಫೇಲಾದ ಬೋರನ್ನು ಮುಚ್ಚಲೇಬೇಕು. 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸೂಚನೆಯಂತೆ ತಳದಿಂದ ನೆಲಮಟ್ಟದವರೆಗೆ ಜೇಡಿ, ಮರಳು, ಕಲ್ಲು ತುಂಬಬೇಕು. ಹೊಸ ಬೋರ್ ಕೊರೆಸುವ 15 ದಿನ ಮುಂಚೆ ಸಂಬಂಧಪಟ್ಟ ಅಧಿಕಾರಿಗೆ ಲಿಖಿತವಾಗಿ ತಿಳಿಸಬೇಕು, ಕೇಸಿಂಗ್ ಸುತ್ತ ನೆಲದ ಮೇಲೆ 30 ಸೆಂ.ಮೀ., ಕೆಳಗೆ 30 ಸೆಂ.ಮೀ. ಕಾಂಕ್ರೀಟ್ ಕಟ್ಟೆ ಹಾಕಬೇಕು. ಈ ಕಟ್ಟೆ ಮಕ್ಕಳ ಜೀವಕ್ಕೂ ರಕ್ಷೆ, ಗದ್ದೆ ನೀರು ಕೇಸಿಂಗ್ ಪಕ್ಕದಿಂದ ಇಳಿಯದಂತೆಯೂ ತಡೆಯುತ್ತದೆ.

ಹೊಸ ಬೋರಿಗೆ ಇನ್ನೆರಡು ಕಾನೂನು ನೋಡಿಕೊಳ್ಳಿ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ, ಬೋರ್ ತೆಗೆಯುವಂತಿಲ್ಲ. ಇದು 1999ರ ಕಾಯ್ದೆ. 2011ರ ಅಂತರ್ಜಲ ಕಾಯ್ದೆ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ ಅನುಮತಿ ಬೇಕು, ಇರುವ ಬಾವಿಗಳ ನೋಂದಣಿಯೂ ಬೇಕು. ನಿಮ್ಮ ತಾಲೂಕು ಅಧಿಸೂಚಿತವೇ ಅಂತ ಅಂತರ್ಜಲ ನಿರ್ದೇಶನಾಲಯದ ಜಿಲ್ಲಾ ಕಚೇರಿಯಲ್ಲಿ ಕೇಳಿ.

ಔಷಧಿ ಡಬ್ಬಿಯನ್ನು ಕಾಲುವೆಯಲ್ಲಿ ತೊಳೆಯುವುದು, ಅಲ್ಲೇ ಎಸೆಯುವುದು ಎಷ್ಟು ಸಾಮಾನ್ಯ ಅಂದರೆ ಯಾರಿಗೂ ತಪ್ಪು ಅನಿಸುವುದಿಲ್ಲ. 1971ರ ಕೀಟನಾಶಕ ನಿಯಮಗಳ 44ನೇ ನಿಯಮ ಖಾಲಿ ಡಬ್ಬಿ, ತೊಳೆದ ನೀರು ಎರಡರಿಂದಲೂ ಜಲಮಾಲಿನ್ಯ ಆಗಬಾರದು ಅನ್ನುತ್ತದೆ. ಡಬ್ಬಿ ತೊಳೆದ ನೀರನ್ನು ಸಿಂಪರಣೆ ಟ್ಯಾಂಕಿಗೇ ಹಾಕಿ. ಡಬ್ಬಿಗೆ ತೂತು ಮಾಡಿ, ಮನೆ, ಬಾವಿ, ಕಾಲುವೆಯಿಂದ ದೂರ ಹೂಳಿ.

ಬಸಿಗಾಲುವೆ ಮಾಡುವ ಮೊದಲೊಮ್ಮೆ, ಆಮೇಲೆ ಪ್ರತಿ ವರ್ಷ ಒಮ್ಮೆ, ನಿಮ್ಮ ಬೋರಿನ ನೀರು ಪರೀಕ್ಷೆ ಮಾಡಿಸಿ. ಹತ್ತು ನಿಮಿಷ ಮೋಟಾರ್ ಓಡಿಸಿ, ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು ತುಂಬಿ. ಕುಡಿಯುವ ನೀರಿಗೆ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ ದಾಟಬಾರದು. ಫ್ಲೋರೈಡ್ ನಮ್ಮ ಕಲ್ಲಿನಿಂದ ಬರುತ್ತದೆ. ನೈಟ್ರೇಟ್ ಬಹುಪಾಲು ಗೊಬ್ಬರ, ತಿಪ್ಪೆ, ಚರಂಡಿಯಿಂದ ಬರುತ್ತದೆ.

ಹಂತ 8: ಹಳ್ಳಕ್ಕೆ ಮಿಲ್ಲು, ಕಾರ್ಖಾನೆಯ ನೀರು ಬಂದರೆ

ಹಳ್ಳದ ನೀರಿನ ಬಣ್ಣ ಬದಲಾಗಿದ್ದರೆ, ಹುಳಿ ವಾಸನೆ ಬಂದರೆ, ಮೀನು ಸತ್ತರೆ ಅದು ಬರೀ ಗದ್ದೆಯ ನೀರಲ್ಲದಿರಬಹುದು. ಭತ್ತ ಕುದಿಸುವ ಮಿಲ್ಲಿರಲಿ, ಜೀನ್ಸ್ ತೊಳೆಯುವ ಘಟಕವಿರಲಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇಲ್ಲದೆ, ಸಂಸ್ಕರಿಸದೆ ನೀರು ಹೊರಬಿಡುವಂತಿಲ್ಲ. ಫೋಟೋ, ವಿಡಿಯೋ ತಾರೀಖಿನ ಸಮೇತ ತೆಗೆದು, ಮಂಡಳಿಯ ಪ್ರಾದೇಶಿಕ ಕಚೇರಿಗೆ ದೂರು ಕೊಡಿ. ಅವರೇ ಬಂದು ಮಾದರಿ ತೆಗೆಯಲಿ ಅಂತ ಒತ್ತಾಯಿಸಿ, ಏಕೆಂದರೆ ಕಾನೂನಿನ ವಿಧಾನದಂತೆ ಅವರು ತೆಗೆದ ಮಾದರಿ ಮಾತ್ರ ಕೇಸಿಗೆ ಗಟ್ಟಿ ಸಾಕ್ಷಿ.

ಹಂತ 9: ಜಗಳ ಬಂದರೆ

ಮೊದಲ ಮಾತು: ರಾತ್ರಿ ಹೋಗಿ ಬದು ಕಡಿಯಬೇಡಿ. ನ್ಯಾಯ ನಿಮ್ಮ ಕಡೆ ಇದ್ದರೂ ಬೇಡ. ಕೃಷಿ ನೀರಿಗೆ ಕೊರತೆ ಮಾಡಿದರೆ ಅಥವಾ ಸಾರ್ವಜನಿಕ ಚರಂಡಿ, ಬಸಿನಾಲೆಗೆ ಅಡ್ಡಿ ಮಾಡಿ ನಷ್ಟ ಉಂಟುಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 326ನೇ ಸೆಕ್ಷನ್ ಅಡಿ 5 ವರ್ಷದವರೆಗೆ ಶಿಕ್ಷೆ ಆಗಬಹುದು.

ಸರ್ಕಾರಿ ಹಳ್ಳ ಒತ್ತುವರಿಯಾಗಿದ್ದರೆ ತಹಶೀಲ್ದಾರರಿಗೆ ಅರ್ಜಿ. ಉದ್ದ ಬೇಡ:

"____ ಗ್ರಾಮದ ಸರ್ವೆ ನಂಬರ್ ____ ಮತ್ತು ____ರ ನಡುವೆ ಗ್ರಾಮ ನಕಾಶೆಯಲ್ಲಿ ತೋರಿಸಿರುವ ಸರ್ಕಾರಿ ಹಳ್ಳವನ್ನು ಮುಚ್ಚಿ ಸಾಗುವಳಿ ಮಾಡಲಾಗಿದೆ. ಇದರಿಂದ ಮೇಲ್ಭಾಗದ ____ ಎಕರೆಯಲ್ಲಿ ನೀರು ನಿಂತು ಬೆಳೆ ಹಾಳಾಗುತ್ತಿದೆ. ಅಳತೆ ಮಾಡಿಸಿ, ಕರ್ನಾಟಕ ಭೂಕಂದಾಯ ಕಾಯ್ದೆ ಕಲಂ 104ರಂತೆ ತೆರವುಗೊಳಿಸಲು ಕೋರುತ್ತೇವೆ. ಲಗತ್ತು: ನಕಾಶೆ, ಪಹಣಿ, ಫೋಟೋ, ಮಣ್ಣು ಪರೀಕ್ಷಾ ವರದಿ."

ಉತ್ತರ ಬರದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಯಾವ ಟೇಬಲ್ಲಿನಲ್ಲಿದೆ ಅಂತ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.

ನೀರಿನ ದಾರಿಯ ಜಗಳ ಹೊಡೆದಾಟಕ್ಕೆ ತಿರುಗುವಂತಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಸೆಕ್ಷನ್ ಅಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಮಧ್ಯೆ ಬರಬಹುದು. ಸಾರ್ವಜನಿಕ ಜಾಗ, ದಾರಿ, ನಾಲೆಗೆ ಅಡ್ಡಿಯಾದರೆ ಅದೇ ಸಂಹಿತೆಯ 152ನೇ ಸೆಕ್ಷನ್. ಇಬ್ಬರ ಖಾಸಗಿ ಜಮೀನಿನ ನಡುವಿನ ಹಕ್ಕಿನ ಪ್ರಶ್ನೆಯಾದರೆ ಸಿವಿಲ್ ಕೋರ್ಟೇ ಗತಿ. ಅಲ್ಲಿ ತಡೆಯಾಜ್ಞೆ ಕೇಳಬಹುದು, ಮುಚ್ಚಿದ ಕಾಲುವೆ ತೆರೆಸಿ ಅಂತಲೂ ಕೇಳಬಹುದು. ಸರ್ಕಾರದ ಮೇಲೆ ದಾವೆಯಾದರೆ ಸಾಮಾನ್ಯವಾಗಿ ಎರಡು ತಿಂಗಳ ಮುಂಚೆ ನೋಟಿಸ್ ಕೊಡಬೇಕು.

ವಕೀಲರ ಖರ್ಚಿಗೆ ಹೆದರಿ ಸುಮ್ಮನಿರಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಳಿದವರಿಗೆ ಆದಾಯ ಮಿತಿಯೊಳಗಿದ್ದರೆ, ತಾಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಕೋರ್ಟ್ ಆವರಣದಲ್ಲೇ ಕಚೇರಿ ಇರುತ್ತದೆ. ಹೋಗುವಾಗ ಪಹಣಿ, ನಕಾಶೆ, ಕರಾರು, ಸೀಲು ಹಾಕಿಸಿದ ಅರ್ಜಿಯ ಪ್ರತಿ, ಮಣ್ಣು ಮತ್ತು ನೀರಿನ ವರದಿ, ಗುಂಡಿಯ ಅಳತೆ ಬರೆದ ಪುಸ್ತಕ ಎಲ್ಲ ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ.